ಗುಡಾರ ಹಾಕುವ ಮೊದಲು

(ಕೆಲಸಕ್ಕಾಗಿ ಊರು ಬಿಡಲಿರುವ ಕುಟುಂಬಗಳಿಗೆ ಬ್ರಹ್ಮಸಮುದ್ರದಲ್ಲಿ ಸಂಜೆಯ ಪ್ರಾರ್ಥನೆಯ ನಂತರ ಮಾಡಿದ ಭಾಷಣ)



ಇಲ್ಲಿ ಕೂತವರಲ್ಲಿ ಕೆಲವರು ತೋಟದಿಂದ ರಜಕ್ಕೆ ಬಂದಿದ್ದೀರಿ. ಇನ್ನು ಕೆಲವರು ಮೊದಲನೆಯ ಸಲ ಮನೆಗೆ ಬೀಗ ಹಾಕಿ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಚಿಕ್ಕಮಗಳೂರಿಗೋ ಸಕಲೇಶಪುರಕ್ಕೋ ಕೊಡಗಿಗೋ ಹೊರಡುವವರಿದ್ದೀರಿ. ನನ್ನ ಮಾತು ಮುಖ್ಯವಾಗಿ ಇವರಿಗೆ. ಹಳಬರು ನಾನು ತಪ್ಪಿದಲ್ಲಿ ತಿದ್ದಬೇಕು.

ಯಾಕೆ ಹೊರಡುತ್ತೀರಿ ಎಂದು ನಾನು ಕೇಳುವುದಿಲ್ಲ. ನಮ್ಮ ಅನಂತಪುರ ಸೀಮೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರು. ಅದೂ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ವೇದಾವತಿಗೆ ಕಟ್ಟಿದ ಭೈರವಾನಿತಿಪ್ಪ ಜಲಾಶಯ ಹತ್ತಿರದಲ್ಲೇ ಇದೆ. ಆದರೆ ಅದು ತುಂಬಿದ ವರ್ಷಗಳಿಗಿಂತ ತುಂಬದ ವರ್ಷಗಳನ್ನೇ ನಾವು ಹೆಚ್ಚಾಗಿ ಕಂಡಿದ್ದೇವೆ. ಕಡಲೆಕಾಯಿ ಬಿತ್ತಿ ಮುಗಿಲು ನೋಡುತ್ತಾ ಕೂತವನ ಸಂಕಟ ನಿಮಗೆ ಗೊತ್ತು. ಹೊಟ್ಟೆಪಾಡಿಗಾಗಿ ಊರು ಬಿಡುವುದು ಪಾಪವಲ್ಲ, ಅವಮಾನವೂ ಅಲ್ಲ. ಬೇತ್ಲೆಹೇಮಿನಲ್ಲಿ ಬರ ಬಂದಾಗ ಎಲೀಮೆಲೆಕನು ಹೆಂಡತಿಯನ್ನೂ ಇಬ್ಬರು ಗಂಡುಮಕ್ಕಳನ್ನೂ ಕರೆದುಕೊಂಡು ಮೋವಾಬ್ ದೇಶಕ್ಕೆ ಹೋದನು. ಸತ್ಯವೇದವು ಅವನನ್ನು ಬೈಯುವುದಿಲ್ಲ.

ಹಾಗಾದರೆ ನಾನು ಕೇಳುವ ಪ್ರಶ್ನೆ ಯಾವುದು? ಎಲ್ಲಿ ಇಳಿಯುತ್ತೀರಿ? ಯಾರ ತೋಟ? ಯಾವ ಮನೆ?

ಆದಿಕಾಂಡದ 13ನೆಯ ಅಧ್ಯಾಯದಲ್ಲಿ ಲೋಟನ ಸಂಗತಿ ಇದೆ. ಅಬ್ರಾಮನು ಅವನಿಗೆ, ಯಾವ ಕಡೆ ಬೇಕೋ ಆರಿಸಿಕೋ ಎಂದು ಬಿಟ್ಟುಕೊಟ್ಟನು. ಲೋಟನು ಕಣ್ಣೆತ್ತಿ ನೋಡಿದನು. ಯೊರ್ದನ್ ಹೊಳೆಯ ಸುತ್ತಿನ ನೆಲ ನೀರಾವರಿಯಾಗಿ ಹಸುರಾಗಿ ಕಂಡಿತು. ಅದನ್ನೇ ಆರಿಸಿಕೊಂಡನು. ಸೊದೋಮಿನ ಹತ್ತಿರಕ್ಕೆ ಗುಡಾರ ಹಾಕಿದನು. ಅವನು ಹುಲ್ಲು ನೋಡಿದನು, ನೀರು ನೋಡಿದನು. ಅಲ್ಲಿಯ ಜನ ಎಂಥವರೆಂದು ನೋಡಲಿಲ್ಲ. ಹೆಂಡತಿಯನ್ನು ಒಂದು ಮಾತು ಕೇಳಿದನೆಂದೂ ಅಲ್ಲಿ ಬರೆದಿಲ್ಲ. ಕಡೆಗೆ ಮನೆ, ಮಂದೆ, ಹೆಂಡತಿ ಎಲ್ಲವನ್ನೂ ಕಳೆದುಕೊಂಡು ಗವಿಯಲ್ಲಿ ಕೂತನು.

ನಾವೂ ಹೀಗೇ ಮಾಡುತ್ತೇವೆ. ಮೇಸ್ತ್ರಿ ಬಂದು ಇಷ್ಟು ಕೂಲಿ, ಇಷ್ಟು ಮುಂಗಡ ಎನ್ನುತ್ತಾನೆ. ನಮಗೆ ಹುಲ್ಲು ಕಂಡಿತು. ಅಷ್ಟೇ ಸಾಕು, ಗಂಟು ಕಟ್ಟುತ್ತೇವೆ.

ಒಂದು ಕುಟುಂಬದ ಸಂಗತಿ ಹೇಳುತ್ತೇನೆ. ಹೆಸರು ಬೇಡ, ತೋಟದ ಹೆಸರೂ ಬೇಡ. ಬೇರೆ ಕಡೆಗಿಂತ ದಿನಕ್ಕೆ ತಲೆಗೆ 30 ರೂಪಾಯಿ ಹೆಚ್ಚು ಎಂದು ಹೋದರು. ಗಂಡ ಹೆಂಡತಿ ಇಬ್ಬರೂ 25 ದಿನ ದುಡಿದರೆ ತಿಂಗಳಿಗೆ 1500 ರೂಪಾಯಿ ಹೆಚ್ಚಾಯಿತು. ಆದರೆ ಲೈನಿನಲ್ಲಿ ನಲ್ಲಿ ಇರಲಿಲ್ಲ. ನೀರು ಇಳಿಜಾರಿನ ಕೆಳಗಿತ್ತು. ತಾಯಿ ಬೆಳಿಗ್ಗೆ ಹಾಜರಿಗೆ ಓಡಬೇಕು. ಕೂಸನ್ನು ನೋಡುವವರಿಲ್ಲ. ಹಾಗಾಗಿ ಹನ್ನೊಂದು ವರ್ಷದ ಹಿರಿಯ ಮಗಳು ನೀರು ಹೊತ್ತಳು, ತಮ್ಮನನ್ನು ಎತ್ತಿಕೊಂಡಳು. ಮೊದಲು ವಾರಕ್ಕೆ ಎರಡು ದಿನ ಶಾಲೆ ತಪ್ಪಿತು. ಸುಗ್ಗಿ ಮುಗಿಯುವಾಗ ಶಾಲೆಯೇ ತಪ್ಪಿತು. ಆ ತಂದೆ ನನ್ನ ಮುಂದೆ ಕೂತು ಹೇಳಿದ ಮಾತು ಇದು: "ಅಯ್ಯನವರೇ, ಆ 1500 ರೂಪಾಯಿ ನಾನು ದುಡಿದದ್ದಲ್ಲ. ನನ್ನ ಮಗಳ ಶಾಲೆ ಮಾರಿದ್ದು." ಆ ಮಾತನ್ನು ನಾನು ಮರೆತಿಲ್ಲ.

ಆದ್ದರಿಂದ ಹೇಳುತ್ತೇನೆ: ಕೂಲಿ ನೋಡಿ ಕೆಲಸ ಆರಿಸಿರಿ, ಮಕ್ಕಳನ್ನು ನೋಡಿ ಮನೆ ಆರಿಸಿರಿ.

ಮೊದಲು ತೀರ್ಮಾನ ಮಾಡಬೇಕಾದದ್ದು, ಹೋಗುವುದು ಸುಗ್ಗಿಗೋ ಸಂಸಾರಕ್ಕೋ ಎಂಬುದು. ಅರೇಬಿಕಾ ಕುಯ್ಲು ನವೆಂಬರಿನಿಂದ ಜನವರಿಯ ತನಕ, ರೋಬಸ್ಟಾ ಅದರ ಹಿಂದೆಯೇ ಮಾರ್ಚಿಯ ತನಕ. ಇದು ಶಾಲೆಯ ವರ್ಷದ ನಡುಮಧ್ಯೆ ಬೀಳುತ್ತದೆ. ಮೂರು ತಿಂಗಳಿಗೆ ಮಾತ್ರ ಹೋಗುವವರು, ಮನೆಯಲ್ಲಿ ಗಟ್ಟಿಯಾದ ಅಜ್ಜಿ ತಾತ ಇದ್ದರೆ, ಓದುವ ಮಕ್ಕಳನ್ನು ಇಲ್ಲೇ ಬಿಡುವುದು ಒಳ್ಳೆಯದು. ವರ್ಷಾನುಗಟ್ಟಲೆ ಇರಲು ಹೋಗುವವರು ಮೇ ತಿಂಗಳಲ್ಲಿ ಹೋಗಿರಿ, ಜೂನಿನಲ್ಲಿ ಶಾಲೆಗೆ ಸೇರಿಸಿರಿ. 2010ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕಿನ ಕಾಯ್ದೆಯ ಪ್ರಕಾರ, 6ರಿಂದ 14 ವರ್ಷದ ಮಗುವನ್ನು ಟಿ.ಸಿ. ತಡವಾಯಿತೆಂದು ಸೇರಿಸದೆ ಕಳುಹಿಸುವ ಹಾಗಿಲ್ಲ. ಇನ್ನೊಂದು ಮಾತು. ನಮ್ಮಲ್ಲಿ ಎಷ್ಟೋ ಮಕ್ಕಳು ಮನೆಯಲ್ಲಿ ಕನ್ನಡ ಆಡಿದರೂ ಶಾಲೆಯಲ್ಲಿ ಕಲಿತದ್ದು ತೆಲುಗು ಅಕ್ಷರ. ಎರಡೂ ಅಕ್ಷರಗಳು ಅಕ್ಕತಂಗಿಯರಂತಿದ್ದರೂ ಮಗು ತಡವರಿಸುತ್ತದೆ, ತಡವರಿಸಿದ ಮಗುವನ್ನು ದಡ್ಡ ಎನ್ನುತ್ತಾರೆ. ಹೊರಡುವ ಮುಂಚೆ ಬೇಸಿಗೆಯಲ್ಲಿ ಒಂದು ತಿಂಗಳು ಕನ್ನಡ ಕಾಗುಣಿತ ತಿದ್ದಿಸಿರಿ.

ಎರಡನೆಯದು, ಮನೆ ನಿಂತ ಜಾಗ. ನಾವು ಬಯಲುಸೀಮೆಯವರು, ಮಳೆಗೆ ಹಾತೊರೆಯುವುದು ಗೊತ್ತು, ಹೆದರುವುದು ಗೊತ್ತಿಲ್ಲ. ಮಡಿಕೇರಿಯಲ್ಲಿ ವರ್ಷದ ಮಳೆ 3000 ಮಿಲಿಮೀಟರು ದಾಟುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳೇ ಜಾರಿಬಂದವು. 2020ರ ಆಗಸ್ಟ್ 6ರ ರಾತ್ರಿ ಕೇರಳದ ಮುನ್ನಾರಿನ ಕಡೆ ಪೆಟ್ಟಿಮುಡಿಯಲ್ಲಿ ಚಹಾ ತೋಟದ ಲೈನ್ ಮನೆಗಳ ಮೇಲೆ ಗುಡ್ಡ ಕುಸಿದು 70 ಮಂದಿ ತೀರಿಹೋದರು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳಲ್ಲೂ ಹಾಗೇ ಆಯಿತು. ತೋಟದಲ್ಲಿ ದುಡಿಯುತ್ತಿದ್ದ ಎಷ್ಟೋ ಮನೆಗಳು ಮಲಗಿದಲ್ಲೇ ಕೊಚ್ಚಿಹೋದವು. ಅವರು ಮಾಡಿದ ತಪ್ಪೇನೂ ಇಲ್ಲ. ಕೊಟ್ಟ ಮನೆಯಲ್ಲಿ ಮಲಗಿದ್ದರು, ಅಷ್ಟೇ. ನಾವಾದರೂ ನೋಡಿ ಇಳಿಯೋಣ. ಲೈನಿನ ಹಿಂದೆ ಕಡಿದಾದ ಗುಡ್ಡ ಇದೆಯೇ? ಹಳ್ಳದ ಬಾಯಿಗೆ ಮನೆ ಕಟ್ಟಿದ್ದಾರೆಯೇ? ಗೋಡೆ ಬಿರುಕು ಬಿಟ್ಟಿದೆಯೇ? ಮಕ್ಕಳು ಶಾಲೆಗೆ ಹೋಗುವ ದಾರಿಯಲ್ಲಿ ಆನೆ ಓಡಾಡುತ್ತದೆಯೇ? ಇವನ್ನು ಮೇಸ್ತ್ರಿಯನ್ನು ಕೇಳಬೇಡಿರಿ. ಆ ಲೈನಿನಲ್ಲಿ ಎರಡು ಮಳೆಗಾಲ ಕಳೆದ ಹೆಂಗಸನ್ನು ಕೇಳಿರಿ.

ಮೂರನೆಯದು, ನೀರು, ಕಕ್ಕಸು, ಆಸ್ಪತ್ರೆ, ಹೆಣ್ಣುಮಕ್ಕಳ ಮಾನ. ಇಲ್ಲಿ ನೊವೊಮಿಯನ್ನು ನೆನೆಯೋಣ. ಮೋವಾಬಿನಲ್ಲಿ ಗಂಡನನ್ನೂ ಮಕ್ಕಳನ್ನೂ ಮಣ್ಣು ಮಾಡಿ ಸೊಸೆಯೊಂದಿಗೆ ತಿರುಗಿ ಬಂದವಳು ಅವಳು. ರೂತಳು ಹಕ್ಕಲಾಯಲು ಹೋಗಿ ಸಂಜೆ ಬಂದಾಗ ಅತ್ತೆ ಕೇಳಿದ್ದೇನು? ಈ ಹೊತ್ತು ಎಲ್ಲಿ ಆಯ್ದೆ, ಯಾರ ಹೊಲ ಎಂದು ಕೇಳಿದಳು. ಬೋವಜನ ಹೊಲವೆಂದು ತಿಳಿದ ಮೇಲೆ ಸಮಾಧಾನವಾಯಿತು. ಏಕೆಂದರೆ ಅಲ್ಲಿ ಆಳುಗಳು ಅವಳನ್ನು ಮುಟ್ಟಬಾರದೆಂದು ಯಜಮಾನನ ಅಪ್ಪಣೆ ಇತ್ತು, ಬಾಯಾರಿದರೆ ಕುಡಿಯಲು ನೀರಿತ್ತು, ಹೊತ್ತಿಗೆ ಊಟವಿತ್ತು, ಜೊತೆಗೆ ಹೆಣ್ಣಾಳುಗಳಿದ್ದರು. ಅದೇ ಹೊಲ ಬಿಡಬೇಡ, ಬೇರೆ ಕಡೆ ಕೇಡಾದೀತು ಎಂದಳು ಅತ್ತೆ. ಪೆಟ್ಟು ತಿಂದ ಮುದುಕಿಯ ಬುದ್ಧಿ ಅದು. ಲೋಟನ ಹಾಗೆ ದೂರದಿಂದ ಕಣ್ಣೆತ್ತಿ ನೋಡಬೇಡಿರಿ. ನೊವೊಮಿಯ ಹಾಗೆ ಹತ್ತಿರ ಕೂತು ಕೇಳಿರಿ.

ನಾಲ್ಕನೆಯದು, ಕಾನೂನು. ತೋಟ ಕಾರ್ಮಿಕರ 1951ರ ಕಾಯ್ದೆ ಮನೆ, ನೀರು, ಕೂಸುಗಳನ್ನು ನೋಡಿಕೊಳ್ಳುವ ಕೇಂದ್ರ, ಶಾಲೆ, ಔಷಧ ಇವನ್ನು ಮಾಲೀಕರ ಹೊಣೆ ಮಾಡಿತ್ತು. 2025ರ ನವೆಂಬರ್ 21ರಿಂದ ಅದರ ಜಾಗದಲ್ಲಿ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಜಾರಿಗೆ ಬಂದಿದೆ. ಕಾಯ್ದೆಯ ಹೆಸರು ಬದಲಾಗಿದೆ, ಈ ಸೌಕರ್ಯಗಳ ಮಾತು ಅದರಲ್ಲೂ ಇದೆ: ಕುಟುಂಬಕ್ಕೆ ನೀರು, ಅಡಿಗೆಮನೆ, ಕಕ್ಕಸು ಸಹಿತ ಮನೆ, 50 ಆಳಿಗೆ ಮೇಲ್ಪಟ್ಟು ಇದ್ದಲ್ಲಿ ಕೂಸುಗಳ ಕೇಂದ್ರ, ಓದುವ ವಯಸ್ಸಿನ ಮಕ್ಕಳು 25ಕ್ಕಿಂತ ಹೆಚ್ಚಿದ್ದಲ್ಲಿ ಓದಿನ ಏರ್ಪಾಡು. ಇವುಗಳ ವಿವರ ರಾಜ್ಯ ಸರ್ಕಾರದ ನಿಯಮಗಳ ಮೇಲೆ ನಿಂತಿದೆ. ಆದರೆ ತಿಳಿದಿರಲಿ, ಕಾಯ್ದೆ ಹೇಳುವುದು 5 ಹೆಕ್ಟೇರು, ಅಂದರೆ ಸುಮಾರು 12 ಎಕರೆಗೆ ಮೇಲ್ಪಟ್ಟ ತೋಟಗಳಿಗೆ. ಕರ್ನಾಟಕದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಸಣ್ಣವು. ಸಣ್ಣ ತೋಟಕ್ಕೆ ಹೋಗುವವರು ಬಾಯಿ ಬಿಟ್ಟು ಕೇಳಿ ಒಪ್ಪಂದ ಮಾಡಿಕೊಳ್ಳಲೇಬೇಕು.

ಪಡಿತರದ ಚೀಟಿಯೂ ಜೊತೆಗಿರಲಿ. ಆಹಾರ ಭದ್ರತಾ ಕಾಯ್ದೆಯಡಿ ಕೊಟ್ಟ ಚೀಟಿಯಾದರೆ ಆಂಧ್ರದ್ದನ್ನು ಕರ್ನಾಟಕದ ಅಂಗಡಿಯಲ್ಲೂ ಬೆರಳು ಒತ್ತಿ ಬಳಸಬಹುದು. ಸ್ವಲ್ಪ ಅಲ್ಲಿ ನೀವು, ಸ್ವಲ್ಪ ಇಲ್ಲಿ ಮುದುಕರು ತೆಗೆದುಕೊಳ್ಳಬಹುದು. ಎಲ್ಲ ಚೀಟಿಯೂ ಆ ಕಾಯ್ದೆಯಡಿ ಬರುವುದಿಲ್ಲ. ನಿಮ್ಮದು ಬರುತ್ತದೆಯೇ ಎಂದು ಹೊರಡುವ ಮೊದಲು ಇಲ್ಲಿಯ ಅಂಗಡಿಯಲ್ಲೇ ವಿಚಾರಿಸಿರಿ. ಕೂಸುಗಳ ಲಸಿಕೆ ಕಾರ್ಡನ್ನು ಮರೆಯಬೇಡಿರಿ.

ಈಗ ನಿಮ್ಮಲ್ಲಿ ಒಬ್ಬರು ಮನಸ್ಸಿನಲ್ಲೇ ಕೇಳುತ್ತಿದ್ದೀರಿ: "ಅಯ್ಯನವರೇ, ಬಡವನಿಗೆ ಆರಿಸಿಕೊಳ್ಳಲು ಏನಿದೆ? ಹಾಕಿದ ಕಡೆ ಬಿದ್ದಿರಬೇಕು." ಅದು ಸುಳ್ಳಲ್ಲ. ನಮ್ಮ ಆಯ್ಕೆ ಸಣ್ಣದು. ಆದರೆ ಸಣ್ಣದಾದರೂ ಒಂದು ಹೊತ್ತಿನಲ್ಲಿ ಅದು ನಮ್ಮ ಕೈಯಲ್ಲಿರುತ್ತದೆ. ಯಾವ ಹೊತ್ತು? ಮುಂಗಡ ತೆಗೆದುಕೊಳ್ಳುವ ಮುಂಚಿನ ಹೊತ್ತು. ಆಗ ಮೇಸ್ತ್ರಿಗೆ ನಮ್ಮ ಅಗತ್ಯವಿದೆ. ಹಣ ಸೆರಗಿಗೆ ಕಟ್ಟಿಕೊಂಡ ಮೇಲೆ ನಮ್ಮ ಬಾಯಿ ಕಟ್ಟುತ್ತದೆ. ಮುಂಗಡ ತೀರುವ ತನಕ ಹೋಗಬಾರದೆಂದು ಯಾರಾದರೂ ತಡೆದಿಟ್ಟರೆ, 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಅದು ಅಪರಾಧ. ಜಿಲ್ಲಾಧಿಕಾರಿಗೋ ಉಪವಿಭಾಗಾಧಿಕಾರಿಗೋ ದೂರು ಕೊಡಬಹುದು. ಆದರೂ ಬಿಡಿಸಿಕೊಳ್ಳುವುದಕ್ಕಿಂತ ಸಿಕ್ಕಿಬೀಳದಿರುವುದು ಸುಲಭ.

ಆದ್ದರಿಂದ ಹೀಗೆ ಮಾಡಿರಿ. ಮೂರು ನಾಲ್ಕು ಮನೆಯವರು ಚಾರ್ಜಿನ ದುಡ್ಡು ಕೂಡಿಸಿ ಒಬ್ಬ ಅಣ್ಣನನ್ನೂ ಒಬ್ಬ ಅಕ್ಕನನ್ನೂ ಮೊದಲು ಕಳುಹಿಸಿರಿ. ಗಂಡಸು ಕೂಲಿಯ ಲೆಕ್ಕ ನೋಡಿಬರುತ್ತಾನೆ, ಹೆಂಗಸು ನಲ್ಲಿಯ ಬಾಯಿ ನೋಡಿಬರುತ್ತಾಳೆ. ಎರಡೂ ಬೇಕು. ಒಂದು ರಾತ್ರಿ ಆ ಲೈನಿನಲ್ಲೇ ಮಲಗಿ ಬರಲಿ. ಶಾಲೆಗೆ ನಡೆದು ನೋಡಲಿ, ಆಸ್ಪತ್ರೆ ಎಷ್ಟು ದೂರ ಎಂದು ಕೇಳಲಿ. ಲೈನ್ ಮನೆ ಸರಿಯಿಲ್ಲದಿದ್ದರೆ, ಹತ್ತಿರದ ಊರಿನಲ್ಲಿ ಶಾಲೆಯ ಪಕ್ಕ ಒಂದು ಕೋಣೆ ಬಾಡಿಗೆಗೆ ಸಿಕ್ಕೀತೇ ನೋಡಲಿ. ಬಾಡಿಗೆ ಕೊಟ್ಟರೂ ಒಂದು ಲಾಭವಿದೆ: ಕೆಲಸ ಹೋದ ದಿನವೇ ಮನೆ ಹೋಗುವುದಿಲ್ಲ. ಲೈನ್ ಮನೆಗೆ ಬಾಡಿಗೆ ಇಲ್ಲ ನಿಜ. ಆದರೆ ಹಾಜರಿ ನಿಂತರೆ ಬಾಗಿಲೂ ಮುಚ್ಚುತ್ತದೆ. ಅದಕ್ಕೇ ಇಲ್ಲಿಯ ಗುಡಿಸಲನ್ನು ಮಾರಿ ಹೋಗಬೇಡಿರಿ. ನೊವೊಮಿಗೆ ಬೇತ್ಲೆಹೇಮ್ ಇತ್ತು. ನಮಗೆ ಬ್ರಹ್ಮಸಮುದ್ರ ಇರಲಿ.

ಹೋಗಿ ಇಳಿದ ಮೇಲೆ ಅಲ್ಲಿಯ ಊರನ್ನು ಪರರದೆಂದು ಎಣಿಸಬೇಡಿರಿ. ಬಾಬೆಲಿಗೆ ಸೆರೆಹೋದವರಿಗೆ ಯೆರೆಮೀಯನು ಬರೆದ ಕಾಗದದಲ್ಲಿ, ಮನೆ ಕಟ್ಟಿರಿ, ತೋಟ ಮಾಡಿರಿ, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂಬ ಬುದ್ಧಿವಾದ ಇದೆ. ಲೈನಿನಲ್ಲಿ ಅಸ್ಸಾಮಿನವರಿರುತ್ತಾರೆ, ಜಾರ್ಖಂಡಿನವರಿರುತ್ತಾರೆ, ತಮಿಳರಿರುತ್ತಾರೆ. ಅವರ ಕೂಸು ಅತ್ತರೆ ಎತ್ತಿಕೊಳ್ಳಿರಿ. ನಿಮ್ಮ ಕೂಸನ್ನು ಅವರು ಎತ್ತಿಕೊಳ್ಳುತ್ತಾರೆ.

ಇವತ್ತು ರಾತ್ರಿ ಮನೆಗೆ ಹೋಗಿ ಗಂಡ ಹೆಂಡತಿ ಒಟ್ಟಿಗೆ ಕೂತುಕೊಳ್ಳಿರಿ. ದೊಡ್ಡ ಮಕ್ಕಳನ್ನೂ ಕೂರಿಸಿಕೊಳ್ಳಿರಿ. ಮೇಸ್ತ್ರಿಯನ್ನು ಕೇಳಬೇಕಾದದ್ದನ್ನು ಬರೆಯಲು ಬಲ್ಲ ಮಗುವಿನ ಕೈಯಲ್ಲೇ ಬರೆಸಿರಿ. ಅದಕ್ಕೆ ಉತ್ತರ ಬರುವ ತನಕ ಮುಂಗಡಕ್ಕೆ ಕೈ ಚಾಚಬೇಡಿರಿ.

ಊರು ಬಿಟ್ಟು ಹೊರಟ ಅಬ್ರಾಮನೊಂದಿಗೆ ನಡೆದ ದೇವರು ನಿಮ್ಮ ಹೋಗುವಿಕೆಯನ್ನೂ ಬರುವಿಕೆಯನ್ನೂ ಕಾಯಲಿ. ಆಮೆನ್.