ಜಳಕ ಅಂದರೆ ಯಾವ ಜಳಕ?

(ಚಿಕ್ಕೋಡಿ ಭಾಗದ ಮಠವೊಂದರ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನೀರಿನ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಪೂಜ್ಯರ ಅಪ್ಪಣೆಯಾಯಿತು. ನಾನು ಸರಕಾರದ ಕುಡಿಯುವ ನೀರಿನ ಕೆಲಸದಲ್ಲಿದ್ದು ನಿವೃತ್ತನಾದ ಇಂಜಿನಿಯರು. ಪೈಪು, ಪಂಪು, ಟಾಕಿ ಇವುಗಳ ಬಗ್ಗೆ ಮಾತಾಡಿ ಮಾತಾಡಿ ನನಗೂ ಸಾಕಾಗಿದೆ, ಕೇಳಿದವರಿಗೂ ಸಾಕಾಗಿದೆ. ಆದ್ದರಿಂದ ಇವತ್ತು ನಾವು ದಿನಾ ಮುಂಜಾನೆ ಆಡುವ ಒಂದೇ ಒಂದು ಮಾತನ್ನು ಹಿಡಿದುಕೊಂಡು ಬಂದಿದ್ದೇನೆ: ಜಳಕ.

ಬೆಂಗಳೂರು ಕಡೆಯವರು ಸ್ನಾನ ಅನ್ನುತ್ತಾರೆ. ಕರಾವಳಿಯವರು ಮೀಯುವುದು ಅನ್ನುತ್ತಾರೆ; ಅದು ಕನ್ನಡದ ತೀರ ಹಳೆಯ ಮಾತು. ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿಯಲ್ಲಿ ಜಳಕ. ನಿಪ್ಪಾಣಿ, ಕಾಗವಾಡದ ಓಣಿಗಳಲ್ಲಿ ಈ ಮನೆಯಲ್ಲಿ ಜಳಕ, ಪಕ್ಕದ ಮನೆಯಲ್ಲಿ ಆಂಘೋಳ. ಎರಡು ಮನೆಗೂ ನೀರು ಮಾತ್ರ ಒಂದೇ ನಳದ್ದು.

ಆದರೆ ತಾಯಂದಿರನ್ನು ಕೇಳಿ ನೋಡಿ, ಅವರ ಬಾಯಲ್ಲಿ ಇನ್ನೊಂದು ಮಾತಿದೆ. "ಜಳಕಾ ಮಾಡೇನಿ" ಅಂದರೆ ಮೈಗೆ ಅಷ್ಟೇ. "ಎರಕೊಂಡೇನಿ" ಅಂದರೆ ತಲೆಗೂ ಸೇರಿ. ಕೂಸಿಗೆ, ಬಾಣಂತಿಗೆ ಜಳಕ ಮಾಡಿಸುವುದಿಲ್ಲ, ಎರೆಯುತ್ತಾರೆ. ಆ ಕೈಗುಣ ಇದ್ದ ಮುದುಕಿ ಓಣಿಗೊಬ್ಬಳು ಇರುತ್ತಿದ್ದಳು. ಕಾಲು ಚಾಚಿ ಕುಳಿತು ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು, ಎಣ್ಣೆ ತಿಕ್ಕಿ, ನೀರಿನ ಬಿಸಿಯನ್ನು ಕೈಯಿಂದಲೇ ಅಳೆಯುತ್ತಿದ್ದಳು. ಮದುವೆಯಲ್ಲಿ ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಮದುಮಕ್ಕಳನ್ನು ಕೂಡಿಸಿ ನೀರು ಎರೆಯುವುದಕ್ಕೆ ಸುರಗಿ ಅನ್ನುತ್ತೇವೆ. ಪಂಚಮಿಯಲ್ಲಿ ಹುತ್ತಕ್ಕೆ ಹಾಲನ್ನೂ ಎರೆಯುತ್ತೇವೆ. ಆ ಹಾಲನ್ನು ಮಕ್ಕಳಿಗೆ ಕುಡಿಸೋಣ ಎಂಬ ಕೆಲಸ ನಮ್ಮ ಜಿಲ್ಲೆಯಲ್ಲಿ ನಡೆದಿರುವುದು ನಿಮಗೆ ಗೊತ್ತೇ ಇದೆ. ಇನ್ನು ನನ್ನ ವೃತ್ತಿಯ ಮಾತೊಂದನ್ನು ಸೇರಿಸುತ್ತೇನೆ. ಕಾಸಿದ ಲೋಹವನ್ನು ಅಚ್ಚಿಗೆ ಸುರಿಯುವುದಕ್ಕೆ ಎರಕ ಅನ್ನುತ್ತೇವಲ್ಲ, ಅದೂ ಇದೇ ಎರೆಯುವುದರಿಂದ ಬಂದದ್ದು.

ಸ್ನಾನದ ಕಡೆಗೆ ಬನ್ನಿ. ವೇದ ಓದಿ ಮುಗಿಸಿದ ವಟು ವಿಧಿಪ್ರಕಾರ ಮಿಂದು ಮನೆಗೆ ಹೊರಟರೆ ಅವನು ಸ್ನಾತಕ. ಇವತ್ತಿನ ಸ್ನಾತಕ ಪದವಿ, ಸ್ನಾತಕೋತ್ತರ ಪದವಿ ಎಲ್ಲ ಅಲ್ಲಿಂದಲೇ ಬಂದವು. ನಿಷ್ಣಾತ ಅನ್ನುವುದೂ ಅದೇ ಧಾತುವಿನದು: ವಿದ್ಯೆಯಲ್ಲಿ ಚೆನ್ನಾಗಿ ಮುಳುಗಿ ಮಿಂದವನು. ನನಗೆ ಇಂಜಿನಿಯರಿಂಗ್ ಪದವಿ ಕೊಡುವಾಗ ಯಾರೂ ಒಂದು ತಂಬಿಗೆ ನೀರು ಎರೆಯಲಿಲ್ಲ, ಬಾಡಿಗೆ ಗೌನು ಹಾಕಿ ಕಳಿಸಿದರು. ಇರಲಿ. ಆ ಹಳೆಯ ಸ್ನಾನದ ಬಾಗಿಲು ಹೆಣ್ಣುಮಕ್ಕಳಿಗೂ ದುಡಿಯುವ ಜಾತಿಯವರಿಗೂ ಮುಚ್ಚಿತ್ತು ಅನ್ನುವುದನ್ನು ಮರೆಯಬಾರದು. ಬಸವಾದಿ ಶರಣರ ಗೋಷ್ಠಿಯಲ್ಲಿ ಮಡಿವಾಳ ಮಾಚಿದೇವರು, ಅಂಬಿಗರ ಚೌಡಯ್ಯನವರು, ಅಕ್ಕಮಹಾದೇವಿ ಕೂಡಲು ಯಾವ ಸ್ನಾನದ ಅರ್ಹತೆಯೂ ಬೇಕಾಗಲಿಲ್ಲ.

ಶರಣರಿಗೆ ಪ್ರಿಯವಾದ ಮಾತು ಮಜ್ಜನ. ಸಂಸ್ಕೃತದಲ್ಲಿ ಅದಕ್ಕೆ ಮುಳುಗುವುದು ಎಂದೇ ಅರ್ಥ. ಶರಣರು ಅದನ್ನು ಎರೆಯುವುದಕ್ಕೆ ಜೋಡಿಸಿ "ಮಜ್ಜನಕ್ಕೆರೆಯುವುದು" ಮಾಡಿದರು. ಇದರಲ್ಲಿ ಒಂದು ದೊಡ್ಡ ಬದಲಾವಣೆ ಇದೆ ಎಂದು ನನಗೆ ತೋರುತ್ತದೆ. ಮುಳುಗಬೇಕಾದರೆ ಹೊಳೆ ಬೇಕು, ತೀರ್ಥ ಬೇಕು, ದಂಡೆಯಲ್ಲಿ ದಕ್ಷಿಣೆ ಕೇಳುವವನೂ ಬರುತ್ತಾನೆ. ಅಂಗೈ ಮೇಲಿನ ಇಷ್ಟಲಿಂಗಕ್ಕೆ ಎರೆಯಲು ಒಂದು ಹಿಡಿ ನೀರು ಸಾಕು. ಹೊಳೆ ಕಂಡಲ್ಲೆಲ್ಲ ಮುಳುಗುವವರನ್ನು ಬಸವಣ್ಣನವರು ಯಾಕೆ ಹಾಗೆ ಪ್ರಶ್ನಿಸಿದರು ಎನ್ನುವುದು ಈ ಲೆಕ್ಕದಿಂದಲೂ ತಿಳಿಯುತ್ತದೆ. ಹಾಸಿಗೆ ಹಿಡಿದ ಹಿರಿಯರು "ಜಳಕಾ ಆಗಿಲ್ಲ, ಲಿಂಗಾ ಹ್ಯಾಂಗ ಮುಟ್ಟಲಿ" ಎಂದು ತಿಂಗಳುಗಟ್ಟಲೆ ಪೂಜೆ ಬಿಟ್ಟದ್ದನ್ನು ನಾನು ನೋಡಿದ್ದೇನೆ. ಅವರ ಮಕ್ಕಳು ಹೇಳಬೇಕು: ಎದೆಯ ಮೇಲಿನ ಲಿಂಗ ನಿಮ್ಮ ಜಳಕಕ್ಕಾಗಿ ಕಾಯುತ್ತಿಲ್ಲ.

ಈಗ ಕಷ್ಟದ ಮಾತಿಗೆ ಬರುತ್ತೇನೆ. ಮಣ್ಣಿಗೆ ಹೋಗಿ ಬಂದರೆ ಜಳಕ. ಮನೆಯಲ್ಲಿ ಹೆರಿಗೆಯಾದರೆ ಜಳಕ. ನಿಪ್ಪಾಣಿ ಪೇಟೆಯಲ್ಲಿ ಉದ್ರಿ ಕೊಟ್ಟ ರೊಕ್ಕ ಬರುವುದಿಲ್ಲ ಎಂದು ಗೊತ್ತಾದರೆ "ಅವನ ನಾವಾನೆ ಆಂಘೋಳ" ಅನ್ನುತ್ತಾರೆ. ಸತ್ತವರ ಹೆಸರಿನ ಜಳಕ ಸಾಲಗಾರನಿಗೂ ಬಂತು! ಮರಾಠಿಯಲ್ಲಿ ಹುಡುಗಿ ದೊಡ್ಡವಳಾದರೆ "ನ್ಹಾಣ ಬಂತು" ಅನ್ನುತ್ತಾರೆ. ಅಂದರೆ ಅವಳ ದೇಹದ ಸಹಜ ಕ್ರಿಯೆಗೆ ಜಳಕದ್ದೇ ಹೆಸರು. ನಮ್ಮ ಕನ್ನಡದ ಮನೆಗಳಲ್ಲಿ ಅದಕ್ಕೆ "ಹೊರಗ" ಅನ್ನುತ್ತೇವೆ, ನಾಲ್ಕನೇ ದಿನ ಎರಕೊಂಡ ಮೇಲೆ "ಒಳಗ". ಜನನ, ಮರಣ, ಮುಟ್ಟು, ಎಂಜಲು, ಜಾತಿ ಈ ಪಂಚಸೂತಕಗಳು ಲಿಂಗವಂತರಿಗಿಲ್ಲ ಎಂದು ಎಲ್ಲ ವೇದಿಕೆಗಳಲ್ಲೂ ಹೇಳುತ್ತೇವೆ. ಮನೆಯ ಬಚ್ಚಲಿನಲ್ಲಿ ಮಾತ್ರ ಐದೂ ಕುಳಿತಿವೆ.

ಅಥಣಿ ತಾಲೂಕಿನ ಪೂರ್ವದ ಒಣಭಾಗದ ಒಂದು ಹಳ್ಳಿ. ಬೇಸಿಗೆ, ಟ್ಯಾಂಕರಿನ ನೀರು. ತಲೆಗೆ ಇಷ್ಟು ಲೀಟರ್ ಎಂದು ನಾನು ಬರೆದುಕೊಳ್ಳುತ್ತಿದ್ದಾಗ ಒಬ್ಬ ತರುಣಿ, ಕೊರಳಲ್ಲಿ ಲಿಂಗ ಇದ್ದವಳು, ಕೇಳಿದಳು: "ಸಾಹೇಬರ, ನಿಮ್ಮ ಲೆಕ್ಕದಾಗ ನಮ್ಮ ನಾಲ್ಕನೇ ದಿನದ ನೀರ ಹಿಡದೀರೇನ್ರಿ?" ಅವಳ ಅತ್ತೆಗೆ ಆ ದಿನ ಹಾಸಿಗೆ, ಕೌದಿ, ಸೀರೆ ಎಲ್ಲ ನೆನೆಯಲೇಬೇಕು. ಆ ನೀರಿಗಾಗಿ ಸೊಸೆ ಮೊದಲಿನ ಮೂರು ದಿನ ಮೈಗೆ ನೀರು ಹಾಕಿಕೊಳ್ಳದೆ ಕೊಡ ಉಳಿಸುತ್ತಿದ್ದಳು. ಸ್ವಚ್ಛತೆ ನಿಜವಾಗಿ ಬೇಕಾದ ದಿನಗಳಲ್ಲಿ ಜಳಕ ಇಲ್ಲ, ಸೂತಕ ಕಳೆಯುವ ದಿನ ಎರಡು ಪಾಲು ನೀರು. ಅಂಥ ಕಲಂ ನಮ್ಮ ಯಾವ ಕೈಪಿಡಿಯಲ್ಲೂ ಇರಲಿಲ್ಲ.

ಕೈಪಿಡಿಯಲ್ಲಿ ಇದ್ದದ್ದು ಇಷ್ಟು: ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್, ಅದರಲ್ಲಿ ಸ್ನಾನಕ್ಕೆ 55. ಹಳ್ಳಿಯಲ್ಲಿ ಮೊದಲು ಒಟ್ಟು 40 ಲೀಟರ್ ಇತ್ತು. 2019ರಲ್ಲಿ ಬಂದ ಜಲಜೀವನ ಯೋಜನೆಯಲ್ಲಿ 55 ಆಯಿತು. ಅಂದರೆ ಪಟ್ಟಣದವನ ಒಂದು ಸ್ನಾನದ ನೀರಿನಲ್ಲಿ ಹಳ್ಳಿಯವಳು ಕುಡಿದು, ಅಡುಗೆ ಮಾಡಿ, ಪಾತ್ರೆ ತಿಕ್ಕಿ, ಅರಿವೆ ಒಗೆದು, ಮಿಕ್ಕದ್ದರಲ್ಲಿ ಎರಕೊಳ್ಳಬೇಕು. ಇತ್ತ ಕೃಷ್ಣಾ ದಂಡೆಯ ಕಬ್ಬಿಗೆ ನೀರು ಬಿಟ್ಟೂ ಬಿಟ್ಟೂ ಭೂಮಿ ಸವಳಾಗಿದೆ. ಬೆಳೆಗೆ ಹಾಗೆ ನೀರು ಬಿಡುವ ಅದೇ ಗೌಡರ ಹಿತ್ತಲಲ್ಲಿ ಹೆಣ್ಣುಮಕ್ಕಳಿಗೆ ಬಾಗಿಲಿನ ಬಚ್ಚಲು ಇಲ್ಲ, ನಸುಕಿನಲ್ಲಿ ಸೀರೆ ಮರೆ ಕಟ್ಟಿ ಜಳಕ.

ಮಠದ ಸಮಿತಿಯವರಿಗೆ ನನ್ನ ವಿನಂತಿ ಎರಡು. ಜಾತ್ರೆಗೆ ಬರುವ ತಾಯಂದಿರಿಗೆ ಬಾಗಿಲು, ಚಿಲಕ, ನೀರು ಇರುವ ನಾಲ್ಕು ಬಚ್ಚಲು ಕಟ್ಟಿಸೋಣ. ನಕ್ಷೆ, ಅಂದಾಜುಪಟ್ಟಿ ನಾನು ಪುಕ್ಕಟೆ ಮಾಡಿಕೊಡುತ್ತೇನೆ. ಎರಡನೆಯದು, ದಾಸೋಹದ ಅಡುಗೆಮನೆಯ ಬಾಗಿಲಲ್ಲಿ "ಯಾವ ದಿನ" ಎಂದು ಹೆಣ್ಣುಮಕ್ಕಳನ್ನು ಕೇಳುವ ರೂಢಿ ಈ ಶ್ರಾವಣದಿಂದ ನಿಲ್ಲಲಿ.

ಸುರಗಿಯ ಹಾಡು, ಕೂಸಿಗೆ ಎರೆಯುವಾಗಿನ ಮಾತು ನೆನಪಿದ್ದ ತಾಯಂದಿರು ಪ್ರಸಾದದ ಹೊತ್ತಿಗೆ ನನ್ನ ಹತ್ತಿರ ಬರಬೇಕು. ಬರೆದುಕೊಳ್ಳಲು ವಹಿ ತಂದಿದ್ದೇನೆ.