ತೋಟದಲ್ಲಿ ಉಳಿದ ಕಾಡಿನ ಗಿಡ

ಹಳಗನ್ನಡ ಕಾವ್ಯಗಳನ್ನು ಅಚ್ಚು ಹಾಕಿಸುವಾಗ ಕೊನೆಗೊಂದು ಶಬ್ದಕೋಶ ಸೇರಿಸುವುದು ವಾಡಿಕೆ. ಅದರಲ್ಲಿ ಗಿಡಮರಗಳ ಹೆಸರು ಬಂದಲ್ಲೆಲ್ಲ ಪಂಡಿತರಾದ ನಾವು ಸಾಮಾನ್ಯವಾಗಿ ಬರೆಯುವ ಅರ್ಥ ಒಂದೇ: ‘ಒಂದು ಬಗೆಯ ಮರ’. ಸಂಸ್ಕೃತದಲ್ಲಾದರೆ ‘ವೃಕ್ಷವಿಶೇಷ’. ಮಾತು ಗಂಭೀರವಾಗಿದೆ, ಅದರ ಒಳಗಿನ ಅರ್ಥ ಮಾತ್ರ ‘ನನಗೆ ತಿಳಿಯದು’ ಎಂದು. ಒಂದು ದಿನ ತರಗತಿಯಲ್ಲಿ ‘ಸುರಗಿ’ ಎಂಬ ಶಬ್ದ ಬಂತು. ಎಂದಿನಂತೆ ‘ಒಂದು ಬಗೆಯ ಹೂಮರ’ ಎಂದು ಹೇಳಿ ನಾನು ಮುಂದಿನ ಪದ್ಯಕ್ಕೆ ಹೊರಟೆ. ಮಲೆನಾಡಿನಿಂದ ಬಂದಿದ್ದ ಹುಡುಗನೊಬ್ಬ ಎದ್ದು ನಿಂತು, “ಸಾರ್, ನಮ್ಮ ಅಜ್ಜಿ ಅದರ ಹೂವನ್ನು ಪೋಣಿಸಿ ಇಡ್ತಾರೆ. ಒಣಗಿದ್ರೂ ವಾಸನೆ ಹೋಗೋದಿಲ್ಲ” ಎಂದ. ಇಪ್ಪತ್ತೈದು ವರ್ಷ ಆ ಶಬ್ದಕ್ಕೆ ಅರ್ಥ ಹೇಳಿದ ನಾನು ಆ ಹೂವನ್ನು ಒಮ್ಮೆಯೂ ಕಂಡವನಲ್ಲ.

ಆ ನಾಚಿಕೆಯಿಂದಲೇ ಗಿಡಮರಗಳ ವಿಷಯವನ್ನು ಓದತೊಡಗಿದೆ. ಹಾಗೆ ಓದುವಾಗ ದೊರೆತ ಒಂದು ವೃತ್ತಾಂತವನ್ನು ತಮ್ಮ ಮುಂದೆ ಇಡುತ್ತೇನೆ. ಅದರಲ್ಲಿಯೂ ಒಬ್ಬ ಉಪಾಧ್ಯಾಯ, ಒಬ್ಬ ವಿದ್ಯಾರ್ಥಿ ಇದ್ದಾರೆ.

ಹಿಂದೂ ಮಹಾಸಾಗರದಲ್ಲಿ, ಮಾರಿಷಸ್ಸಿನ ಪೂರ್ವಕ್ಕೆ, ರೊಡ್ರಿಗ್ಸ್ ಎಂಬ ಚಿಕ್ಕ ದ್ವೀಪವುಂಟು. ಕಾಫಿಯ ವಂಶಕ್ಕೆ ಸೇರಿದ ಒಂದು ಗಿಡ ಆ ದ್ವೀಪದಲ್ಲಿ ಬೆಳೆಯುತ್ತಿತ್ತು. ಪ್ರಪಂಚದಲ್ಲಿ ಬೇರೆಲ್ಲಿಯೂ ಇಲ್ಲ. ಅಲ್ಲಿನ ಜನ ಅದನ್ನು ಕಾಡುಕಾಫಿ ಎಂಬರ್ಥದ ‘ಕಫೇ ಮರೋಂ’ ಎಂಬ ಹೆಸರಿನಿಂದ ಕರೆದರು. ಮನುಷ್ಯ ಅಲ್ಲಿ ನೆಲೆಸಿ ಕಾಡು ಕಡಿದ. ಅವನು ತಂದ ಆಡುಗಳು ಚಿಗುರು ತಿಂದವು. ಗಿಡ ಕಣ್ಮರೆಯಾಯಿತು. ಅದು ನಿರ್ವಂಶವಾಯಿತೆಂದೇ ವಿದ್ವಾಂಸರು ತಿಳಿದಿದ್ದರು.

1980ರಲ್ಲಿ ಅಲ್ಲಿಯ ಒಬ್ಬ ಉಪಾಧ್ಯಾಯರು ಆ ಗಿಡದ ಹಳೆಯ ಚಿತ್ರವನ್ನು ಮಕ್ಕಳಿಗೆ ತೋರಿಸಿದರು. “ಇದು ನಮ್ಮ ಮನೆಯ ಹತ್ತಿರ ಇದೆ” ಎಂದ ಒಬ್ಬ ಹುಡುಗ, ಒಂದು ರೆಂಬೆಯನ್ನೂ ತಂದು ತೋರಿಸಿದ. ಲಂಡನ್ನಿನ ಬಳಿಯ ಕ್ಯೂ ಸಸ್ಯೋದ್ಯಾನದವರು ಪರೀಕ್ಷಿಸಿ, ಅದೇ ಇದು ಎಂದರು. ಉಳಿದಿದ್ದುದು ಅದೊಂದೇ ಗಿಡ! ಸುದ್ದಿ ಹಬ್ಬಿದೊಡನೆ ಇನ್ನೊಂದು ಅಪಾಯ ಹುಟ್ಟಿತು. ಅದು ಔಷಧಿಯ ಗಿಡವೆಂಬ ನಂಬಿಕೆಯಿಂದ ಜನ ರೆಂಬೆ ಮುರಿಯತೊಡಗಿದರು. ಬೇಲಿ ಹಾಕಿದರೂ ಬೇಲಿ ಹಾರಿದರು.

1986ರಲ್ಲಿ ಆ ಗಿಡದ ತುಂಡುಗಳನ್ನು ವಿಮಾನದಲ್ಲಿ ಕ್ಯೂ ಉದ್ಯಾನಕ್ಕೆ ಕಳುಹಿಸಿದರು. ಅಲ್ಲಿ ಅದು ಬೇರುಬಿಟ್ಟಿತು, ಚಿಗುರಿತು, ನಕ್ಷತ್ರದಂತಹ ಬಿಳಿಯ ಹೂಗಳನ್ನೂ ಬಿಟ್ಟಿತು. ಆದರೆ ಕಾಯಿ ಕಟ್ಟಲಿಲ್ಲ. ಒಂದೇ ತಾಯಿಯ ತುಂಡುಗಳೆಲ್ಲ ಎಷ್ಟಾದರೂ ಒಂದೇ ಗಿಡವಲ್ಲವೆ? ದೀಪದಿಂದ ದೀಪ ಹಚ್ಚಿದಂತೆ ಗಿಡದ ಸಂಖ್ಯೆ ಬೆಳೆಯಿತು, ವಂಶ ಬೆಳೆಯಲಿಲ್ಲ. ಹದಿನೇಳು ವರ್ಷ ಕಳೆದ ಮೇಲೆ, 2003ರಲ್ಲಿ, ಕಾರ್ಲೋಸ್ ಮಗ್ದಲೇನಾ ಎಂಬ ಅಲ್ಲಿಯ ತೋಟಗಾರರು ಹೂವಿನ ಶಲಾಕೆಯ ತುದಿಯನ್ನು ಕತ್ತರಿಸಿ, ಆ ಗಾಯದ ಮೇಲೆಯೇ ಪರಾಗವನ್ನು ಇಟ್ಟು ನೋಡಿದರು. ಬಹಳ ಹೂಗಳು ವ್ಯರ್ಥವಾದ ಮೇಲೆ ಕಾಯಿ ಕಟ್ಟಿತು, ಬೀಜ ಮೊಳೆಯಿತು. ಎಳೆಯ ಸಸಿಗಳ ಎಲೆ ದೊಡ್ಡ ಗಿಡದ ಎಲೆಯಂತಿರದೆ, ಸಪೂರವಾಗಿ, ಒಣಗಿದಂತೆ ಕಂದು ಬಣ್ಣದ್ದಾಗಿತ್ತು. ಹಿಂದೆ ದ್ವೀಪದಲ್ಲಿದ್ದ ದೈತ್ಯ ಆಮೆಗಳ ಕಣ್ಣಿಗೆ ಬೀಳದಿರಲು ಇದು ಗಿಡ ಹೂಡಿದ ಉಪಾಯವಿರಬೇಕೆಂದು ಹೇಳುತ್ತಾರೆ. ಆ ಆಮೆಗಳು ಅಳಿದು ಇನ್ನೂರು ವರ್ಷಗಳಾದವು. ಗಿಡ ಮಾತ್ರ ಅವುಗಳ ಭಯವನ್ನು ಮರೆತಿಲ್ಲ. ಅನಂತರ ಬೀಜಗಳು ರೊಡ್ರಿಗ್ಸಿಗೆ ಮರಳಿ ಹೋದವು.

ಸಸ್ಯೋದ್ಯಾನವೆಂದರೆ ಏನೆಂಬುದು ಇದರಿಂದ ವಿಶದವಾಗುತ್ತದೆ. ಅದು ಇಡುಗಂಟನ್ನು ಕಾಯುವ ಮನೆ. ಇಡುಗಂಟನ್ನು ಕಾಯುವವನು ಅದನ್ನು ಕೊಟ್ಟವರಿಗೆ ಹಿಂದಿರುಗಿಸಬೇಕು. ಗಿಡವನ್ನು ಕುಂಡದಲ್ಲಿ ಉಳಿಸಿದರೆ ಅರ್ಧ ಕೆಲಸ. ಅದರ ನೆಲಕ್ಕೆ ಮುಟ್ಟಿಸಿದರೆ ಪೂರ್ಣ. ಮತ್ತು ಗಂಟು ಒಂದೇ ಕಾಸಿನದಾಗಬಾರದು. ಕಾಡಿನಲ್ಲಿ ಹಲವು ಗಿಡಗಳಿರುವಾಗಲೇ, ಹಲವು ತಾಯಿಗಳ ಬೀಜ ತಂದು ಬೆಳೆಸಬೇಕು. ಕೊನೆಯ ಗಿಡಕ್ಕೆ ಕಾಯುವುದು, ಮನೆ ಹೊತ್ತಿಕೊಂಡ ಮೇಲೆ ಬಾವಿ ತೋಡಿದಂತೆ.

ಇದು ಸಮುದ್ರದಾಚೆಯ ಮಾತು ಮಾತ್ರವಲ್ಲ. ಉತ್ತರ ಕನ್ನಡದ ಸಿದ್ದಾಪುರ ಸೀಮೆಯಲ್ಲಿ ಕತ್ತಲೆಕಾನು ಎಂಬ ಕಾಡುಂಟು. ಸದಾ ನೀರು ನಿಲ್ಲುವ ಅಲ್ಲಿನ ಜೌಗಿನಲ್ಲಿ ಕಾಡುಜಾಯಿಕಾಯಿಯ ಬಳಗದ ಮರಗಳು ಬೇರುಗಳನ್ನು ಮೊಣಕಾಲಿನಂತೆ ಮೇಲೆತ್ತಿ ನಿಂತಿರುತ್ತವೆ. ಅವುಗಳ ನಡುವೆ ಇದ್ದ, ಅಗಸರು ಬಟ್ಟೆಗೆ ಗುರುತು ಹಾಕುವ ಗೇರಿನ ಬಳಗಕ್ಕೆ ಸೇರಿದ ಮರವೊಂದನ್ನು 2000ದಲ್ಲಿ ಶಾಸ್ತ್ರಜ್ಞರು ಹೊಸ ಜಾತಿಯೆಂದು ಪ್ರಕಟಿಸಿದರು. ಅದರ ಹೆಸರು ‘ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್’. ಲ್ಯಾಟಿನ್ ವಿಭಕ್ತಿಯನ್ನು ತೊಟ್ಟು ನಿಂತ ನಮ್ಮ ಎರಡು ಕನ್ನಡ ಶಬ್ದಗಳು! ಆ ಮರಗಳು ಬೆರಳೆಣಿಕೆಯಷ್ಟು ಕಡೆಗಳಲ್ಲಿ ಮಾತ್ರ ಇವೆ. ಇಂತಹ ಜೌಗಿನ ಮರಗಳ ಬೀಜವನ್ನು ರಾಗಿಯಂತೆ ಒಣಗಿಸಿ ಕಣಜದಲ್ಲಿಡಲು ಬರುವುದಿಲ್ಲ, ಒಣಗಿದರೆ ಸಾಯುತ್ತದೆ. ಬಿದ್ದ ಕೂಡಲೇ ಬಿತ್ತಿ ಸಸಿ ಮಾಡಬೇಕು. ಶಿರಸಿಯ ಅರಣ್ಯ ಮಹಾವಿದ್ಯಾಲಯದವರು ಹಾಗೆ ಸಸಿ ಬೆಳೆಸಿ, ಜೌಗಿನಲ್ಲಿಯೇ ಮರಳಿ ನೆಟ್ಟಿದ್ದಾರೆ. ವಯನಾಡಿನಲ್ಲಿ 1981ರಲ್ಲಿ ವೋಲ್ಫ್‌ಗಾಂಗ್ ಥಾಯರ್‌ಕಾಫ್ ಎಂಬವರು ಸ್ಥಾಪಿಸಿದ ಗುರುಕುಲ ಸಸ್ಯೋದ್ಯಾನವೂ ಪಶ್ಚಿಮಘಟ್ಟದ ಜರೀಗಿಡ, ಸೀತಾಳೆ, ಕಾಡು ಕರ್ಣಕುಂಡಲಗಳಿಗೆ ಆಶ್ರಯವಾಗಿದೆ.

ಇನ್ನು ನಮ್ಮ ಪಾಲಿನ ಕೆಲಸ. ಘಟ್ಟಕ್ಕೆ ಹೋದಾಗ ಚೆನ್ನಾಗಿ ಕಂಡಿತೆಂದು ಗಿಡವನ್ನು ಕಿತ್ತು ತರಬೇಡಿ. ಲಾಲ್‌ಬಾಗಿಗೆ ಮಕ್ಕಳನ್ನು ಕರೆದೊಯ್ದಾಗ ಮರಕ್ಕೆ ಹಾಕಿರುವ ಫಲಕವನ್ನು ಓದಿಸಿ. ಯಾವುದು ಹೊರಗಿನಿಂದ ಬಂದದ್ದು, ಯಾವುದು ನಮ್ಮ ನೆಲದ್ದು ಎಂದು ಕೇಳಿ. ಮನೆಯ ಹಿರಿಯರು ಬಲ್ಲ ಗಿಡಗಳ ಹೆಸರನ್ನು ಬರೆದಿಡಿ. ರೊಡ್ರಿಗ್ಸಿನ ಗಿಡವನ್ನು ಮೊದಲು ಉಳಿಸಿದವನು ವಿಜ್ಞಾನಿಯಲ್ಲ, ಅದನ್ನು ಕಂಡು ಗುರುತಿಸಿದ ಹುಡುಗ.

ನನ್ನ ಪುಸ್ತಕದ ಶಬ್ದಕೋಶದಲ್ಲಿ ‘ಒಂದು ಬಗೆಯ ಹೂಮರ’ ಎಂಬುದನ್ನು ಹೊಡೆದುಹಾಕಿ, ಆ ಅಜ್ಜಿಯ ಮಾತನ್ನು ಬರೆದುಕೊಂಡಿದ್ದೇನೆ. ಉಳಿದ ‘ವೃಕ್ಷವಿಶೇಷ’ಗಳು ಇನ್ನೂ ಬಹಳ ಇವೆ. ಅವುಗಳ ಅರ್ಥ ತಿಳಿಯುವ ತನಕ ಆ ಮರಗಳು ಉಳಿದಿರಲಿ.