ಕ್ಯಾಸೆಟ್ಟಿನಲ್ಲಿ ಮನೆಗೆ ಬಂದ ಕವಿಗಳು

ಕನ್ನಡದ ಕವಿತೆ ಓದು ಬಾರದವರ ಮನೆಗೂ ಹೋದದ್ದು ಹಾಡಾಗಿ. ಆ ದಾರಿಯನ್ನು ಅಗಲ ಮಾಡಿದವರು ಪಿ. ಕಾಳಿಂಗರಾಯರು. 1914ರಲ್ಲಿ ಉಡುಪಿ ಸೀಮೆಯ ಆರೂರಿನಲ್ಲಿ ಹುಟ್ಟಿದ ಅವರು ಕುವೆಂಪು, ಬೇಂದ್ರೆ, ರಾಜರತ್ನಂ, ಕೆ.ಎಸ್. ನರಸಿಂಹಸ್ವಾಮಿ ಇವರ ಪದ್ಯಗಳನ್ನು ಮೋಹನಕುಮಾರಿ, ಸೋಹನಕುಮಾರಿಯರ ಜೊತೆ ಊರೂರಲ್ಲಿ ಹಾಡಿದರು. ಅಂದಿನ ಗ್ರಾಮಫೋನ್ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಮೂರು ನಿಮಿಷದ ಆಸುಪಾಸು. ಪದ್ಯ ದೊಡ್ಡದಿದ್ದರೆ ಚರಣ ಬಿಟ್ಟು ಹಾಡಬೇಕಿತ್ತು. ಹಾಡು ಸಿಕ್ಕುತ್ತಿತ್ತು, ಕವಿ ಪೂರ್ತಿಯಾಗಿ ಸಿಕ್ಕುತ್ತಿರಲಿಲ್ಲ.

ಆ ಕೊರತೆ ನೀಗಿಸಿದ್ದು ಕ್ಯಾಸೆಟ್ಟು. ಫಿಲಿಪ್ಸ್ ಕಂಪನಿ ಅದನ್ನು ಹೊರತಂದದ್ದು 1963ರಲ್ಲಾದರೂ ನಮ್ಮ ಊರುಗಳಲ್ಲಿ ಮನೆಮನೆಗೆ ಟೇಪ್ ರೆಕಾರ್ಡರ್ ಬಂದದ್ದು ಎಂಬತ್ತರ ದಶಕದಲ್ಲಿ. ಅರವತ್ತು ನಿಮಿಷದ ಕ್ಯಾಸೆಟ್ಟೆಂದರೆ ಎ ಸೈಡಿಗೆ ಅರ್ಧ ಗಂಟೆ, ಬಿ ಸೈಡಿಗೆ ಅರ್ಧ ಗಂಟೆ. ಒಬ್ಬನೇ ಕವಿಯ ಎಂಟು ಹತ್ತು ಪದ್ಯ ಒಟ್ಟಿಗೆ ಕೇಳಬಹುದು. ಕವನಸಂಕಲನವೊಂದನ್ನು ಕಿವಿಯಿಂದ ಓದುವ ಅಭ್ಯಾಸ ಕನ್ನಡಿಗರಿಗೆ ಹತ್ತಿದ್ದು ಹೀಗೆ.

ನನ್ನ ಮಟ್ಟಿಗೆ ಮೊದಲು ಹೇಳಬೇಕಾದ ವರ್ಷ 1978. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟೆಂದು ಹೆಸರಾದ 'ನಿತ್ಯೋತ್ಸವ' ಬಂದ ವರ್ಷ. ಕವಿ ನಿಸಾರ್ ಅಹಮದ್, ರಾಗ ಸಂಯೋಜನೆ ಮೈಸೂರು ಅನಂತಸ್ವಾಮಿ. ಇಬ್ಬರೂ 1936ರಲ್ಲಿ ಹುಟ್ಟಿದ ಸಮವಯಸ್ಕರು. ನಿಸಾರರು ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಿದ್ದವರು. ಅವರ ಪದ್ಯದ ಜೋಗ, ತುಂಗೆ, ಸಹ್ಯಾದ್ರಿಗಳನ್ನು ಬಯಲುಸೀಮೆಯ ಹುಡುಗನಾದ ನಾನು ಕಣ್ಣಿಂದ ಕಾಣುವುದಕ್ಕೆ ಮುಂಚೆ ಕಿವಿಯಿಂದ ಕಂಡೆ. ನಾಡು ಎಂದರೆ ನಮ್ಮೂರಿನ ಕೆರೆ, ಕಡಲೆಕಾಯಿ ಹೊಲ ಇಷ್ಟೇ ಅಲ್ಲವೆಂದು ತಿಳಿದದ್ದು ಆ ಹಾಡಿನಿಂದ. ಅನಂತಸ್ವಾಮಿಯವರ ಹೆಚ್ಚುಗಾರಿಕೆ ಎಲ್ಲಿದೆಯೆಂದರೆ, ಅವರ ಧಾಟಿ ಮಾತನ್ನು ಎಂದೂ ನುಂಗುವುದಿಲ್ಲ. ಒತ್ತಕ್ಷರ ಒತ್ತಕ್ಷರವಾಗಿಯೇ ಕೇಳುತ್ತದೆ. ಹಾರ್ಮೋನಿಯಂ ಒಂದು ಹೆಜ್ಜೆ ಹಿಂದೆ ನಿಂತು ಪದಕ್ಕೆ ದಾರಿ ಬಿಡುತ್ತದೆ. ಶಾಲೆಯ ಮಕ್ಕಳೂ ಸಲೀಸಾಗಿ ಹಾಡಬಲ್ಲ ಧಾಟಿ ಅದು. ಕುವೆಂಪು ಅವರ ನಾಡಗೀತೆಗೆ 2022ರಲ್ಲಿ ಸರ್ಕಾರ ಗೊತ್ತುಮಾಡಿದ್ದೂ ಅನಂತಸ್ವಾಮಿಯವರ ಧಾಟಿಯನ್ನೇ. ಅವರು ತೀರಿಕೊಂಡದ್ದು 1995ರಲ್ಲಿ.

ಸಿ. ಅಶ್ವತ್ಥರ ದಾರಿಯೇ ಬೇರೆ. ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಲೇ ನಾಟಕಗಳಿಗೆ ಸಂಗೀತ ಕೊಟ್ಟು, 1977ರ 'ಕಾಕನಕೋಟೆ'ಯಿಂದ ಸಿನಿಮಾಕ್ಕೆ ಬಂದವರು. ರಂಗಭೂಮಿಯ ಗಂಟಲು ಅವರದು. ಪದ್ಯವನ್ನು ಅವರು ಪಾತ್ರವೆಂಬಂತೆ ಹಾಡುತ್ತಿದ್ದರು. 1990ರ 'ಸಂತ ಶಿಶುನಾಳ ಷರೀಫ' ಚಿತ್ರದ ಕ್ಯಾಸೆಟ್ಟನ್ನು ನಮ್ಮ ಮನೆಯಲ್ಲಿ ಟೇಪು ಸವೆಯುವಷ್ಟು ಕೇಳಿದ್ದೇವೆ. ಹಳೇ ಮೈಸೂರಿನವರಾದ ನಮಗೆ ಹಾವೇರಿ, ಧಾರವಾಡದ ಕಡೆಯ ಮಾತಿನ ರುಚಿ ಹತ್ತಿಸಿದ್ದು ಆ ಹಾಡುಗಳು. ನಮ್ಮಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಮಳೆಗೆ ಸೋರುವ ಮನೆ, ಗಿರಣಿ, ಕೋಳಿ ಇಂಥವನ್ನಿಟ್ಟುಕೊಂಡು ಷರೀಫರು ಹೇಳುವ ಒಳಗಿನ ಮಾತನ್ನು ನನಗಿಂತ ಮೊದಲು ಹಿಡಿದವರು ಅಜ್ಜಿಯೇ. ಮುಸಲ್ಮಾನ ಶಿಷ್ಯ, ಬ್ರಾಹ್ಮಣ ಗುರು ಗೋವಿಂದ ಭಟ್ಟ. ಈ ಸಂಬಂಧ ನಮ್ಮ ಮನೆಯಲ್ಲಿ ಊಟದ ಹೊತ್ತಿನ ಮಾತಾಯಿತು.

ಮರುವರ್ಷವೇ ಅಕ್ಕನಿಗೆ ಮದುವೆಯಾಯಿತು. 1992ರಲ್ಲಿ, ಷರೀಫರ ಚಿತ್ರ ಮಾಡಿದ್ದ ನಾಗಾಭರಣರೇ ನಿರ್ದೇಶಿಸಿದ 'ಮೈಸೂರ ಮಲ್ಲಿಗೆ' ತೆರೆಗೆ ಬಂತು, ಅದಕ್ಕೂ ಅಶ್ವತ್ಥರದೇ ಸಂಗೀತ. ನರಸಿಂಹಸ್ವಾಮಿಯವರ ಆ ಸಂಕಲನ ಮೊದಲು ಅಚ್ಚಾದದ್ದು 1942ರಲ್ಲಿ. ಐವತ್ತು ವರ್ಷದ ಮೇಲೆ ಅದೇ ಪದ್ಯಗಳು ಕವಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟವು. ಗಂಡನ ಮನೆ, ತವರುಮನೆಗಳ ನಡುವೆ ಓಡಾಡುವ ಆ ಹಾಡುಗಳನ್ನು ಅಮ್ಮ ಅಡುಗೆ ಮನೆಯಿಂದಲೇ ಕೇಳುತ್ತಿದ್ದಳು. ಕೆಲವಕ್ಕೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಅಕ್ಕನ ವಿಷಯ ಬಾಯಿಬಿಟ್ಟು ಆಡುತ್ತಿರಲಿಲ್ಲ. ಆ ಕ್ಯಾಸೆಟ್ಟು ಇವತ್ತಿಗೂ ನನಗೆ ಅಮ್ಮನದು.

2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವತ್ಥರು 'ಕನ್ನಡವೇ ಸತ್ಯ' ಕಾರ್ಯಕ್ರಮ ನಡೆಸಿದಾಗ ಭಾವಗೀತೆ ಕೇಳಲೆಂದೇ ಜನಸಾಗರ ಸೇರಿತು. ಕ್ಯಾಸೆಟ್ಟಿನ ಕಾಲ ಆಗಲೇ ಮುಗಿಯುತ್ತ ಬಂದಿತ್ತು. ಅಷ್ಟು ಜನ ಜೊತೆಗೂಡಿ ಹಾಡಿದ್ದು ಅವರವರ ಮನೆಯ ಟೇಪ್ ರೆಕಾರ್ಡರ್ ಕಲಿಸಿದ ಪದ್ಯಗಳನ್ನು ಎಂದು ನಾನು ನಂಬುತ್ತೇನೆ. ಅಶ್ವತ್ಥರು 2009ರ ಡಿಸೆಂಬರ್ 29ರಂದು, ತಮ್ಮ ಹುಟ್ಟಿದ ದಿನದಂದೇ ತೀರಿಕೊಂಡರು.

ಕ್ಯಾಸೆಟ್ಟಿನ ಡಬ್ಬಿಯೊಳಗೆ ಮಡಿಸಿಟ್ಟ ಕಾಗದವನ್ನು ನೆನಪಿಸಿಕೊಳ್ಳಿ. ಕವಿ, ರಾಗ ಸಂಯೋಜಕರು, ಗಾಯಕರು, ಕೊಳಲು, ತಬಲ ನುಡಿಸಿದವರು, ಎಲ್ಲರ ಹೆಸರೂ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತಿತ್ತು. ಇಂದು ಮೊಬೈಲಿನಲ್ಲಿ ಅದೇ ಹಾಡು ಹಾಕಿದರೆ ಎಷ್ಟೋ ಸಲ ಕಾಣುವುದು ಗಾಯಕರ ಹೆಸರೊಂದೇ. ಕವಿಯೇ ಕಾಣೆ. ಅಂಥ ಕ್ಯಾಸೆಟ್ಟುಗಳು ನಿಮ್ಮ ಅಟ್ಟದ ಮೇಲಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಟೇಪಿಗೆ ಬೂಷ್ಟು ಹಿಡಿಯುವ ಮೊದಲು ಕಂಪ್ಯೂಟರಿಗೆ ಇಳಿಸಿಕೊಳ್ಳಿ, ಒಳಗಿನ ಕಾಗದದ ಫೋಟೋ ತೆಗೆದು ಜೊತೆಗಿಡಿ. ಮಕ್ಕಳಿಗೆ ಆ ಹಾಡು ಕೇಳಿಸುವಾಗ ಬರೆದವರು ಯಾರೆಂಬುದನ್ನು ಮೊದಲು ಹೇಳಿ.